ಕೊನೆಗೆ ಮಲಗಿದವರ ಪಾಳಿ

ಪೆಟ್ಟಿಗೆ ಹೊತ್ತವರು ಸ್ಮಶಾನದ ಕಬ್ಬಿಣದ ಗೇಟಿನ ಮುಂದೆ ಗಕ್ಕನೆ ನಿಂತರು. ಮುಂದೆ ನಡೆಯುತ್ತಿದ್ದ ಊನಾ ಕ್ಯಾಲ್ಡರ್ ತನ್ನ ಊರುಗೋಲನ್ನು ಎತ್ತಿ ಹಿಡಿದಿದ್ದಳು.

ಎಂಬತ್ತರ ಅಂಚಿನಲ್ಲಿದ್ದ ಹೆಂಗಸು. ಹಿಂದೆ ಎಂಟು ಗಂಡಸರ ಹೆಗಲ ಮೇಲೆ ಆಕೆಯ ಗಂಡ ಮಲಗಿದ್ದ. ಮುಂದೆ ಕ್ಯಾಲ್ಡರ್ ಮನೆತನದ ಸ್ಮಶಾನ. ಎದೆಯೆತ್ತರದ ಕಲ್ಲುಗೋಡೆಯೊಳಗೆ ಹತ್ತಾರು ತಲೆಮಾರಿನ ಧಣಿಗಳು, ಅವರ ಹೆಂಡಿರು, ಮಕ್ಕಳು. ಆರ್ಡ್‌ಕಾರಿಕ್ ಗುಡ್ಡದ ಆ ನೆತ್ತಿಯ ಮೇಲೆ ಹೊರಗಿನವರಿಗೆ ಗೇಣು ಜಾಗವೂ ಇಲ್ಲ.

ಆಕೆ ಕೈಗವಸು ಕಳಚಿದಳು. ಗೇಟಿನ ಕಲ್ಲುಕಂಬದ ಮೇಲೆ ಅಂಗೈ ಊರಿ, ಒಳಗೆ ಯಾರೋ ನಿಂತಿದ್ದಾರೆ ಎಂಬಂತೆ ತಲೆಬಗ್ಗಿಸಿ, ಮೆಲ್ಲಗೆ ತನ್ನ ತವರು ದ್ವೀಪದ ಗೇಲಿಕ್ ಭಾಷೆಯಲ್ಲಿ ಮಾತಾಡಿದಳು.

“ಸಾಕು ಮಗಾ. ನಿನ್ನ ಪಾಳಿ ಮುಗೀತು. ಅಪ್ಪ ಬಂದಿದಾರೆ. ಇನ್ನು ನೀನು ಮಲಕ್ಕೋ.”

ಅಲ್ಲಿದ್ದವರಲ್ಲಿ ಯಾರಿಗೂ ಆ ಭಾಷೆ ಬಾರದೆಂದು ಆಕೆ ನಂಬಿದ್ದಳು. ಸ್ವಂತ ಮಕ್ಕಳಿಗೇ ಕಲಿಸಿರಲಿಲ್ಲ. ಧಣಿಗಳ ಮನೆಯಲ್ಲಿ ಅದನ್ನು ಆಡಿದರೆ ಆಳುಗಳ ಮಾತು ಎನ್ನುತ್ತಿದ್ದ ಕಾಲದಲ್ಲಿ ಸೊಸೆಯಾಗಿ ಬಂದವಳು ಆಕೆ.

ಆದರೆ ಗೇಟಿನ ಪಕ್ಕ, ಗೋಡೆಗೆ ಒತ್ತಿಕೊಂಡು ಇನ್‌ಸ್ಪೆಕ್ಟರ್ ಮಾರ್ಸಲಿ ಗಿಲ್ಯಾಂಡರ್ಸ್ ನಿಂತಿದ್ದಳು. ಅವಳನ್ನು ಬೆಳೆಸಿದ್ದು ದ್ವೀಪದ ಅಜ್ಜಿ. ಬೈಗುಳ, ಲಾಲಿ, ಪ್ರಾರ್ಥನೆ, ಮೂರನ್ನೂ ಅವಳು ಕಲಿತದ್ದು ಗೇಲಿಕ್‌ನಲ್ಲೇ.

ಊನಾ ಆಡಿದ ಒಂದೊಂದು ಮಾತೂ ಅವಳಿಗೆ ಅರ್ಥವಾಗಿತ್ತು.

ನಾಲ್ಕು ವರ್ಷದ ಹಿಂದೆ ಕಾಣೆಯಾದ ಈ ಮನೆಯ ಕಿರಿಮಗ ಲಾಕ್ಲನ್‌ನ ಕೇಸನ್ನು ಅವಳು ಮತ್ತೆ ತೆರೆದ ವಾರದಲ್ಲೇ, ಅವನ ಅಪ್ಪ, ಹಳೇ ಧಣಿ ರನಾಲ್ಡ್ ಕ್ಯಾಲ್ಡರ್, ಹೃದಯ ನಿಂತು ಸತ್ತಿದ್ದ. ಅದಕ್ಕಾಗಿಯೇ ಅವಳು ಈ ಶವಯಾತ್ರೆಯ ಬೆನ್ನು ಹತ್ತಿ ಬಂದಿದ್ದಳು.

ಪೆಟ್ಟಿಗೆ ಮತ್ತೆ ಚಲಿಸಿತು. ಗೇಟು ಕಿರುಗುಟ್ಟಿತು. ಕೆಳಗೆ ಕೊಲ್ಲಿಯ ನೀರು ಸೀಸದ ಬಣ್ಣದಲ್ಲಿ ಬಿದ್ದಿತ್ತು. ಎದುರಿನ ಗುಡ್ಡದಲ್ಲಿ ಬೆದೆಗೆ ಬಂದ ಗಂಡು ಸಾರಂಗವೊಂದು ಗಂಟಲು ಹರಿಯುವ ಹಾಗೆ ಕೂಗುತ್ತಿತ್ತು.

“ಏನ್ ಮೇಡಂ, ಮುಖ ಹೀಗೆ ಬಿಳಿಚ್ಕೊಂಡಿದೆ?” ಸಾರ್ಜೆಂಟ್ ಟಾರ್ಕ್ವಿಲ್ ಏದುಸಿರು ಬಿಡುತ್ತಾ ಪಕ್ಕಕ್ಕೆ ಬಂದ. ನಿವೃತ್ತಿಗೆ ಹತ್ತಿರವಾದ ದಪ್ಪ ಮನುಷ್ಯ, ಗುಡ್ಡ ಹತ್ತಿದ್ದು ಅವನಿಗೆ ಸುಸ್ತಾಗಿತ್ತು. “ಪೆಟ್ಟಿಗೇಲಿರೋರೇ ನಿಮಗಿಂತ ಗೆಲುವಾಗಿದಾರೆ ಅನ್ಸತ್ತೆ.”

“ಟಾರ್ಕ್ವಿಲ್, ಈ ಸ್ಮಶಾನದಲ್ಲಿ ಕೊನೇದಾಗಿ ಹೂತಿದ್ದು ಯಾರನ್ನ?”

“ಮಿಸ್ ಗ್ರಿಜೆಲ್‌ನ. ಧಣಿಗಳ ಅಕ್ಕ. ಮದುವೆ ಆಗ್ಲಿಲ್ಲ, ನಾಯಿ ಸಾಕ್ಕೊಂಡಿದ್ರು. ನನ್ನ ಮೀನಖಂಡ ಕಚ್ಚಿತ್ತಲ್ಲ, ಅದೇ ನಾಯಿ.”

“ಯಾವಾಗ?”

“ಕಚ್ಚಿದ್ದಾ?”

“ಅಯ್ಯೋ, ಹೂತಿದ್ದು!”

“ನಾಲ್ಕು ವರ್ಷ ಆಯ್ತಲ್ಲ. ಲಾಕ್ಲನ್ ಕಾಣೆಯಾದ ವಾರಾನೇ. ಆ ಮುದುಕಿ ಪೆಟ್ಟಿಗೆಗೆ ಅವನೂ ಹೆಗಲು ಕೊಟ್ಟಿದ್ದ. ಅದಾಗಿ ಇನ್ನೂ ಹುಲ್ಲು ಚಿಗುರಿರಲಿಲ್ಲ, ಹುಡುಗ ನಾಪತ್ತೆ.”

“ಆಮೇಲೆ ಇಲ್ಲಿ ಯಾರೂ ಬಂದಿಲ್ಲ?”

“ಯಾರೂ ಇಲ್ಲ. ಈ ಮನೆಯೋರು ಸಾಯೋದ್ರಲ್ಲೂ ಜಿಪುಣರು ಮೇಡಂ.”

ಮಾರ್ಸಲಿಗೆ ನಗು ಬರಲಿಲ್ಲ.

ಅಜ್ಜಿ ಹೇಳುತ್ತಿದ್ದಳು: ಸ್ಮಶಾನದಲ್ಲಿ ಕೊನೆಗೆ ಮಲಗಿದವರಿಗೆ ನಿದ್ದೆಯಿಲ್ಲ. ಮುಂದಿನ ಹೆಣ ಬರುವ ತನಕ ಅವರೇ ಗೇಟು ಕಾಯಬೇಕು. ಒಳಗಿರುವ ಎಲ್ಲರ ಕಾವಲು ಅವರ ಪಾಳಿ. ಹೊಸಬರು ಬಂದ ಮೇಲೆಯೇ ಬಿಡುಗಡೆ. ಅದಕ್ಕೇ ದ್ವೀಪದ ಹೆಂಗಸರು ಗೇಟು ದಾಟುವಾಗ ಕೊನೆಗೆ ಮಲಗಿದವರನ್ನು ಕರೆದು ಮಾತಾಡಿಸುತ್ತಾರೆ. ಒಂದೇ ದಿನ ಎರಡು ಹೆಣ ಬಂದಿದ್ದಾಗ ನಮ್ಮವರು ಕಾವಲಿಗೆ ಉಳಿಯುವುದು ಬೇಡವೆಂದು ಎರಡೂ ಕಡೆಯವರು ಪೆಟ್ಟಿಗೆ ಹೊತ್ತುಕೊಂಡೇ ಓಡಿದ್ದನ್ನು, ಗೇಟಿನ ಬಾಯಲ್ಲಿ ಕೈ ಕೈ ಮಿಲಾಯಿಸಿದ್ದನ್ನು ಅಜ್ಜಿ ಕಣ್ಣಾರೆ ಕಂಡಿದ್ದಳಂತೆ.

ಸರಿ, ಹಾಗಾದರೆ ಇಲ್ಲಿ ಕಾವಲಿಗಿರಬೇಕಾದವಳು ಗ್ರಿಜೆಲ್. ಊನಾಳ ಗಂಡನ ಅಕ್ಕ. ಮುಪ್ಪಾನು ಮುದುಕಿ.

ಅವಳನ್ನು ಯಾರಾದರೂ ಊನಾ ಕರೆದ ಹಾಗೆ “ಅ ವಿಕ್”, ಮಗಾ, ಎನ್ನುತ್ತಾರೆಯೇ? ಗೇಲಿಕ್‌ನಲ್ಲಿ ಆ ಮಾತು ಗಂಡು ಮಕ್ಕಳಿಗೆ ಮಾತ್ರ. ಹಾಗೆ ಕರೆಯುವವಳು ಹೆತ್ತ ತಾಯಿ. ಮೇಲೆ, “ಅಪ್ಪ ಬಂದಿದಾರೆ” ಬೇರೆ.

ಗ್ರಿಜೆಲ್ ಆದ ಮೇಲೆ ಇನ್ನೊಬ್ಬನನ್ನು ಇಲ್ಲಿಗೆ ತಂದಿದ್ದಾರೆ. ತಾಯಿಗೆ ಅದು ಗೊತ್ತು.

ಮಾರ್ಸಲಿ ಜನರ ಹಿಂದಿನಿಂದ ಕಲ್ಲುಗಳ ನಡುವೆ ಸಾಗಿದಳು. ಹೊಸ ಗುಂಡಿ ಉತ್ತರದ ಗೋಡೆಯ ಬುಡದಲ್ಲಿತ್ತು. ಅದರಿಂದ ನಾಲ್ಕು ಮಾರು ಆಚೆಗೆ ಗ್ರಿಜೆಲ್ ಕ್ಯಾಲ್ಡರಳ ಕಲ್ಲು. ಎಲ್ಲ ಕ್ಯಾಲ್ಡರರ ಹಾಗೆ ಅವಳೂ ಪೂರ್ವಕ್ಕೆ ಕಾಲು ಚಾಚಿ ಮಲಗಿದ್ದಳು. ಹುಲ್ಲು ಕೂಡಿಕೊಂಡು ಬೆಳೆದಿತ್ತು. ಅನುಮಾನಕ್ಕೆ ಆಸ್ಪದವಿಲ್ಲ.

ಇರುವುದಾದರೂ ಹೇಗೆ? ಅವಳು ತನ್ನನ್ನೇ ಬೈದುಕೊಂಡಳು. ಲಾಕ್ಲನ್ ಕಾಣೆಯಾದಾಗ ಪೊಲೀಸರು ಗುಡ್ಡವೆಲ್ಲ ಜಾಲಾಡಿದ್ದರು, ಹೊಸದಾಗಿ ಅಗೆದ ಮಣ್ಣಿದೆಯೇ ಎಂದು. ಆರ್ಡ್‌ಕಾರಿಕ್‌ನಲ್ಲಿ ಹೊಸದಾಗಿ ಅಗೆದ ಮಣ್ಣಿದ್ದದ್ದು ಒಂದೇ ಕಡೆ. ಅದರ ಮೇಲೆ ಹೂಗುಚ್ಛಗಳಿದ್ದವು, ಹೆಸರಿತ್ತು. ಪೊಲೀಸರು ಟೋಪಿ ತೆಗೆದು ಕೈಮುಗಿದು ಮುಂದೆ ಹೋಗಿದ್ದರು.

“ನೀವು ಏನೋ ಕಂಡಿದೀರ.”

ಇಶ್‌ಬೆಲ್ ಬೆನ್ನ ಹಿಂದೆ ಬಂದು ನಿಂತಿದ್ದಳು. ಲಾಕ್ಲನ್‌ನ ಹೆಂಡತಿ. ಕೆಂಪು ಕೂದಲನ್ನು ಕಪ್ಪು ಸ್ಕಾರ್ಫಿನೊಳಗೆ ತುರುಕಿಕೊಂಡಿದ್ದಳು. ಕಣ್ಣ ಸುತ್ತ ನಾಲ್ಕು ವರ್ಷದ ನಿದ್ದೆಗೇಡು. ಕೇಸು ಮತ್ತೆ ತೆರೆಯಿರಿ ಎಂದು ಠಾಣೆಯ ಮೆಟ್ಟಿಲು ಸವೆಸಿದವಳು ಇವಳೇ.

“ಇನ್ನೂ ಗೊತ್ತಿಲ್ಲ ಇಶ್‌ಬೆಲ್.”

“ಗೊತ್ತಾದ್ರೆ ನನ್ನಿಂದ ಮುಚ್ಚಿಡಬೇಡಿ. ಬದುಕಿದಾನೆ ಅನ್ನಿ, ಇಲ್ಲ ಸತ್ತ ಅನ್ನಿ. ಎರಡರಲ್ಲಿ ಯಾವುದಾದ್ರೂ ತಡ್ಕೋತೀನಿ. ಈ ನಡುಮಧ್ಯ ಇರೋದು ಮಾತ್ರ ನನ್ನಿಂದಾಗಲ್ಲ.” ಅವಳು ಅತ್ತೆಯ ಕಡೆ ನೋಡಿದಳು. “ನ್ಯೂಜಿಲೆಂಡಲ್ಲಿದಾನೆ, ತಮಗೆ ಫೋನ್ ಮಾಡ್ತಾನೆ ಅಂತಾರೆ. ನಂಗ್ಯಾಕೆ ಮಾಡಲ್ಲ? ನನ್ನ ಮಗಳು ಎಫೀ ಕೇಳ್ತಾಳೆ, ಅಪ್ಪಂಗೆ ಅಜ್ಜಿ ನಂಬರ್ ಒಂದೇನಾ ಗೊತ್ತಿರೋದು ಅಂತ. ಏನು ಹೇಳ್ಲಿ ಆ ಮಗೂಗೆ? ಈಗ ನೋಡಿದ್ರೆ ಅಪ್ಪನ ಸಾವಿಗೂ ಬರಕ್ಕಾಗಲ್ವಂತೆ!”

ಮಾರ್ಸಲಿ ಅವಳ ತೋಳು ಹಿಡಿದಳು.

ಪಾದ್ರಿ ಪಿಟ್ಕೇರ್ನ್ ಪ್ರಾರ್ಥನೆ ಮುಗಿಸಿದರು. ಗುಂಡಿಯ ಮೇಲೆ ಹಾಸಿದ ಹಲಗೆಗಳ ಮೇಲೆ ಪೆಟ್ಟಿಗೆ ಕೂತಿತ್ತು. ಗೋಡೆಯ ಮೇಲೆ ವಿಸ್ಕಿ ಬಾಟಲುಗಳು, ಓಟ್ಸಿನ ರೊಟ್ಟಿ, ಗಿಣ್ಣು, ಎಲ್ಲ ಬಟ್ಟೆ ಮುಚ್ಚಿಕೊಂಡು ಕಾಯುತ್ತಿದ್ದವು. ಮಣ್ಣಾದ ಮೇಲೆ ಒಂದೊಂದು ಗುಟುಕು ಹಾಕಿ ಇಳಿಯುವುದು ಇಲ್ಲಿಯ ರೂಢಿ.

ಇನ್ನು ಹಗ್ಗದ ಸರದಿ.

ಪೆಟ್ಟಿಗೆಗೆ ಎಂಟು ಹಗ್ಗ. ತಲೆಯ ಕಡೆಯದು ಹಿರಿಮಗನಿಗೆ, ಕಾಲಿನ ಕಡೆಯದು ಕಿರಿಮಗನಿಗೆ, ಉಳಿದವು ಹತ್ತಿರದ ನೆಂಟರಿಗೆ. ಯಾವ ಹಗ್ಗ ಯಾರ ಕೈಯಲ್ಲಿದೆ ಎಂದು ನೋಡಿದರೆ ಸಾಕು, ಮನೆಯಲ್ಲಿ ಯಾರ ಸ್ಥಾನ ಯಾವುದೆಂದು ಗೊತ್ತಾಗುತ್ತದೆ. ಹಗ್ಗ ಸಿಗದೆ ಆಮೇಲೆ ತಲೆಮಾರುಗಟ್ಟಲೆ ಮಾತು ಬಿಟ್ಟವರಿದ್ದಾರೆ.

ಹಿರಿಮಗ ಹೆಕ್ಟರ್ ತಲೆಯ ಬಳಿ ನಿಂತ. ಐವತ್ತರ ಗಂಡಸು. ಹೊಸ ಧಣಿ. ಅಚ್ಚುಕಟ್ಟಾಗಿ ಕ್ಷೌರ ಮಾಡಿದ ಮುಖ, ಅಪ್ಪನದೇ ಕೋಟು.

“ಕಾಲಿನ ಕಡೇದು ಮ್ಯಾನೇಜರ್ ಹಿಡೀಲಿ,” ಎಂದ.

“ಅದು ಲಾಕ್ಲನ್‌ದು!” ಇಶ್‌ಬೆಲ್ ಮುಂದೆ ನುಗ್ಗಿದಳು. “ಅವನಿಲ್ಲ ಅಂದ್ರೆ ನಾನು ಹಿಡೀತೀನಿ ಭಾವ. ಸಂಬಳದವರ ಕೈಗೆ ಯಾಕೆ ಕೊಡ್ತೀರಿ?”

“ಇಶ್‌ಬೆಲ್, ಇಲ್ಲಿ ಗಲಾಟೆ ಬೇಡ. ಅಪ್ಪ ಸತ್ರೂ ತಿರುಗಿ ನೋಡದವನಿಗೆ ಯಾವ ಹಗ್ಗ?”

“ಅತ್ತೆ, ನೀವಾದ್ರೂ ಹೇಳಿ!”

ಊನಾ ಮಡಿಸುವ ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದಳು. ಸೊಸೆಯ ಕಡೆ ನೋಡಲೂ ಇಲ್ಲ. “ಬಿಡು ಮಗಳೇ. ಅವನಿಗೆ ಇನ್ನು ಹಗ್ಗ ಹಿಡಿಯೋ ಕೆಲಸ ಇಲ್ಲ.”

ಜನ ಅದನ್ನು ಮುನಿಸೆಂದು ತಿಳಿದರು. ಮಾರ್ಸಲಿಗೆ ಹಾಗನ್ನಿಸಲಿಲ್ಲ. ಮಗ ದೂರದೇಶದಲ್ಲಿ ಬದುಕಿದ್ದರೆ ತಾಯಿಯಾದವಳು ಅವನ ಹಗ್ಗವನ್ನು ಪರರಿಗೆ ಬಿಟ್ಟುಕೊಡುವಳೇ? ಜಗಳವಾಡಿಯಾದರೂ ಉಳಿಸಿಕೊಳ್ಳುತ್ತಿದ್ದಳು.

ಹೆಕ್ಟರ್ ತಲೆಯಾಡಿಸಿದ. ಗಂಡಸರು ಹಗ್ಗ ಬಿಗಿಹಿಡಿದರು. ಗುಂಡಿ ತೋಡಿದವರು ಹಲಗೆ ಎಳೆಯಲು ಬಗ್ಗಿದರು.

ಈಗ ಬಿಟ್ಟರೆ ಮುಗಿಯಿತು. ಒಮ್ಮೆ ಮಣ್ಣು ಬಿದ್ದ ಮೇಲೆ ಈ ಸ್ಮಶಾನದ ಒಂದು ಹಿಡಿ ಮಣ್ಣು ಮುಟ್ಟಬೇಕಾದರೂ ನ್ಯಾಯಾಲಯದ ಅಪ್ಪಣೆ ಬೇಕು. ಒಂದು ಗೇಲಿಕ್ ಪದ ಕೇಳಿದೆ ಎಂದರೆ ಯಾವ ನ್ಯಾಯಾಧೀಶನೂ ಅಪ್ಪಣೆ ಕೊಡುವುದಿಲ್ಲ. ತಪ್ಪಾಗಿದ್ದರೆ ಧಣಿಯ ಅಂತ್ಯಕ್ರಿಯೆ ಕೆಡಿಸಿದವಳೆಂದು ತನ್ನ ಕೆಲಸ ಹೋಗುತ್ತದೆ. ಹೋಗಲಿ. ಸರಿಯಾಗಿದ್ದರೆ? ಈ ಕೆಂಪು ಕೂದಲಿನ ಹುಡುಗಿ ಗಂಡನ ಗೋರಿಯ ಪಕ್ಕದಲ್ಲೇ ನಿಂತು, ಅವನ ಫೋನಿಗೆ ಸಾಯುವ ತನಕ ಕಾಯುತ್ತಾಳೆ.

“ನಿಲ್ಲಿಸಿ,” ಎಂದಳು ಮಾರ್ಸಲಿ.

“ಇನ್‌ಸ್ಪೆಕ್ಟರ್!” ಹೆಕ್ಟರ್ ಕೆಂಡವಾದ. “ಇದೇನು ತಮಾಷೆನಾ? ಹೆಣದ ಮುಂದೆ?”

ಅವಳು ನೇರ ಊನಾಳ ಬಳಿ ಹೋಗಿ, ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿ ಕೂತು, ಗೇಲಿಕ್‌ನಲ್ಲಿ ಕೇಳಿದಳು.

“ಅಮ್ಮಾವ್ರೇ, ಗೇಟಲ್ಲಿ ಪಾಳಿ ಬಿಡಿಸಿದ್ರಲ್ಲ, ಯಾರನ್ನ?”

ಊನಾಳ ಕೈಯಿಂದ ಊರುಗೋಲು ಜಾರಿತು.

ಆಕೆ ಮಾರ್ಸಲಿಯ ಮುಖವನ್ನೇ ನೋಡಿದಳು. ಆಮೇಲೆ ವಿಚಿತ್ರವೆಂಬಂತೆ ಆ ಮುಖದ ಮೇಲೆ ಒಂದು ತೆಳು ನಗು ಬಂತು. “ಯಾವ ದ್ವೀಪದೋಳೇ ನೀನು?”

“ನಮ್ಮಜ್ಜಿ ಊಯಿಸ್ಟ್‌ನೋರು.”

“ಹ್ಞೂಂ. ರಾಗ ಅಲ್ಲೀದೇ.” ಆಕೆ ಕಣ್ಣು ಮುಚ್ಚಿದಳು. “ಸತ್ತೋರನ್ನೆಲ್ಲ ನಾನು ಮಗಾ ಅಂತಾನೇ ಕರೆಯೋದು. ಮುದುಕಿ ಅಲ್ವಾ.”

“ಗ್ರಿಜೆಲ್ ಅಮ್ಮನ್ನೂನಾ? ಅವ್ರು ನಿಮಗಿಂತ ದೊಡ್ಡೋರು. ಹೆಂಗಸು. ಅವರಿಗೆ ಅಪ್ಪ ಬಂದಿದಾರೆ ಅಂತ ಹೇಳಿದ್ರಾ?”

ಗಾಳಿ ಪಾದ್ರಿಯ ನಿಲುವಂಗಿಯನ್ನು ಪಟಪಟನೆ ಹೊಡೆಯಿತು.

“ಅಮ್ಮಾ, ಈ ಹೆಂಗಸು ಏನು ಕೇಳ್ತಿದಾಳೆ?” ಹೆಕ್ಟರ್ ಕೇಳಿದ. “ಯಾವ ಭಾಷೆ ಇದು?”

“ನಿನ್ನ ತಾಯಿಭಾಷೆ ಕಣೋ,” ಎಂದಳು ಊನಾ. ಈಗ ಆಕೆ ಎಲ್ಲರಿಗೂ ಅರ್ಥವಾಗುವ ಮಾತಿಗೆ ತಿರುಗಿದ್ದಳು. ದನಿ ಒಣಗಿತ್ತು. “ಸಾಕಾಯ್ತು. ನಂಗೂ ಸಾಕಾಗಿದೆ. ಇಶ್‌ಬೆಲ್, ಇಲ್ಲಿ ಬಾ.”

ಇಶ್‌ಬೆಲ್ ಬಂದು ನಿಂತಳು.

“ನಿನ್ನ ಗಂಡ ನ್ಯೂಜಿಲೆಂಡಲ್ಲಿಲ್ಲ. ಯಾವತ್ತೂ ಇರಲಿಲ್ಲ. ಗ್ರಿಜೆಲ್ ಮೇಲೆ ಮಲಗಿದಾನೆ.”

ಯಾರೋ ಹೆಂಗಸು ಚೀರಿದಳು. ಇಶ್‌ಬೆಲ್ ಅಲ್ಲ. ಅವಳು ಸುಮ್ಮನೆ ತಿರುಗಿ, ನಾಲ್ಕು ಮಾರು ನಡೆದು, ಗ್ರಿಜೆಲಳ ಕಲ್ಲಿನ ಮುಂದೆ ಕುಸಿದು ಕೂತಳು. ಹುಲ್ಲಿನ ಮೇಲೆ ಎರಡೂ ಅಂಗೈ ಊರಿದಳು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ.

“ಇಲ್ಲೇ ಇದ್ಯಾ,” ಎಂದಳು. “ಇಲ್ಲೇ ಇದ್ಯೇನೋ, ಪಾಪಿ.”

ಆಮೇಲೆ ಅತ್ತಳು. ಆ ಅಳುವನ್ನು ಕೇಳಿ ಟಾರ್ಕ್ವಿಲ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ಬೇರೆ ಕಡೆ ನೋಡಿದ.

“ಯಾರು ಹೂತಿದ್ದು?” ಮಾರ್ಸಲಿ ಕೇಳಿದಳು.

“ಮರ್ಡೋ. ಬೇಟೆಯ ಮೇಸ್ತ್ರಿ. ನಮ್ಮೂರೋನು. ನಾನು ಹೇಳಿದ್ದಕ್ಕೆ ಇಲ್ಲ ಅನ್ನದೋನು. ಅವನೂ ಸತ್ತ; ಊರಿಗೆ ತಗೊಂಡು ಹೋಗಿ ಮಣ್ಣು ಮಾಡಿದ್ರು.” ಊನಾ ಕೈಗವಸನ್ನು ಮಡಿಲಲ್ಲಿ ಸವರುತ್ತಾ ಕೂತಳು. “ಬೆಳಗ್ಗೆ ನಡೆಯೋಕೆ ಹೋಗಿದ್ದೆ. ಲಾಕ್ಲನ್ ದೋಣಿಮನೆ ಹಿಂದೆ ಬಿದ್ದಿದ್ದ. ತಲೆ ಹಿಂದೆ ಒಡೆದಿತ್ತು. ಎಡವಿ ಬಿದ್ದೋನ ತಲೆ ಹಾಗೆ ಒಡೆಯಲ್ಲ. ಹಿಂದಿನ ದಿನ ತಾನೆ ಮನೇಲಿ ರಂಪ ಆಗಿತ್ತು. ಗುಡ್ಡಾನ ಒಕ್ಕಲುಗಳಿಗೆ ಬಿಟ್ಟುಕೊಡೋಣ ಅಂತ ಲಾಕ್ಲನ್. ನನ್ನ ಹೆಣ ಬಿದ್ದ ಮೇಲೆ ಅಂತ ಅವರಪ್ಪ.”

“ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ? ವಕೀಲರು ಬರ್ತಾರೆ. ಮನೆಯೋರೆಲ್ಲ ಬಾಯಿ ಹೊಲ್ಕೋತಾರೆ. ಈ ಮನೇಲಿ ಸೊಸೆ ಆಗಿ ಬಾಳಿದೀನಿ, ನಂಗೊತ್ತಿಲ್ವಾ? ಮಾಡಿದೋನು ಮನೆಯೋನೇ. ಯಾರು ಅಂತ ನಂಗೆ ಬೇಕಿತ್ತು. ನಂಗೆ.”

ಆಕೆಯ ಕಣ್ಣು ಮೊದಲ ಸಲ ಹೊಳೆಯಿತು.

“ಅದಕ್ಕೆ ಸುಳ್ಳು ಹೇಳ್ದೆ. ಲಾಕ್ಲನ್ ಫೋನ್ ಮಾಡಿದ್ದ ಅಂತ. ಎಲ್ಲರ ಮುಂದೆ, ವಾರ ವಾರ. ಅವನು ಬದುಕಿದಾನೆ ಅಂತ ನಂಬಿದೋರು ಕೇಳ್ತಾರೆ, ಹೇಗಿದಾನೆ, ಏನಂದ, ಯಾವಾಗ ಬರ್ತಾನೆ ಅಂತ. ಕೊಂದೋನಿಗೆ ಮಾತ್ರ ಗೊತ್ತು, ಸತ್ತೋನು ಫೋನ್ ಮಾಡಲ್ಲ ಅಂತ. ಅವನು ಏನಂತ ಕೇಳ್ತಾನೆ? ಕೇಳಕ್ಕೆ ನಾಲಗೆ ಏಳಲ್ಲ. ನಾನು ಕಾದೆ. ಯಾರು ಕೇಳಲ್ಲ ಅಂತ ಕಾದೆ.”

ಮಾರ್ಸಲಿ ಒಂದು ವಾರ ತಲೆ ಕೆಡಿಸಿಕೊಂಡು ಹುಡುಕಿದ್ದನ್ನು ಈ ಮುದುಕಿ ನಾಲ್ಕು ವರ್ಷ ಟೀ ಬಗ್ಗಿಸುತ್ತಾ ಹುಡುಕಿದ್ದಳು.

“ನನ್ನನ್ನೂ ಪರೀಕ್ಷೆ ಮಾಡಿದ್ರಾ?” ಗೋರಿಯ ಬಳಿಯಿಂದ ಇಶ್‌ಬೆಲ್ ಕೇಳಿದಳು. “ಎಫೀ ಅಳೋದನ್ನ ನೋಡ್ಕೊಂಡೂ?”

“ನೀನು ದಿನಾ ಕೇಳ್ದೆ ಮಗಳೇ. ನೀನು ಕೇಳಿದಾಗೆಲ್ಲ ನನ್ನ ಕರುಳು ಕಿತ್ತು ಬಂತು. ಆದ್ರೆ ಒಬ್ಬರಿಗೆ ನಿಜ ಹೇಳಿದ್ರೂ ಬಲೆ ಹರಿದುಹೋಗ್ತಿತ್ತು.”

“ಕೇಳದೇ ಇದ್ದೋರು ಯಾರು ಅಮ್ಮಾವ್ರೇ?”

ಊನಾ ಪೆಟ್ಟಿಗೆಯ ಕಡೆ ಗದ್ದ ತೋರಿಸಿದಳು.

“ಇವರು. ಒಂದೇ ಊಟದ ಮೇಜು, ಒಂದೇ ಮಂಚ. ಸ್ವಂತ ಮಗ ಕಾಣೆಯಾಗಿ ನಾಲ್ಕು ವರ್ಷ. ಒಂದು ದಿನ, ಒಂದೇ ಒಂದು ದಿನ ‘ಹುಡುಗ ಏನಂದ’ ಅಂತ ನನ್ನ ಕೇಳ್ಲಿಲ್ಲ. ನಾನು ಫೋನ್ ಸುದ್ದಿ ತೆಗೆದ್ರೆ ಎದ್ದು ಹೋಗಿಬಿಡೋರು.”

ಜನರ ನಡುವೆ ಗುಜುಗುಜು ಎದ್ದಿತು.

“ಅಮ್ಮಾ, ನಿಂಗೆ ಆಯಾಸ ಆಗಿದೆ,” ಹೆಕ್ಟರ್ ಮೆಲ್ಲಗೆ ಅಂದ. ಅವನ ಕೈಯಲ್ಲಿ ಇನ್ನೂ ಹಗ್ಗವಿತ್ತು. “ಇನ್‌ಸ್ಪೆಕ್ಟರ್, ಅವಳು ಏನು ಮಾತಾಡ್ತಿದಾಳೆ ಅಂತ ಅವಳಿಗೇ ಗೊತ್ತಿಲ್ಲ. ಅಪ್ಪ ತಪ್ಪು ಮಾಡಿದ್ರೂ ಈಗ ದೇವರ ಹತ್ರ ಹೋಗಿದಾರೆ. ಮೊದಲು ಇಳಿಸಿಬಿಡೋಣ.”

“ಧಣಿಗಳು ಹೇಗೆ ಸತ್ರು?” ಮಾರ್ಸಲಿ ಹೆಕ್ಟರ್ ಕಡೆ ನೋಡದೆ ಕೇಳಿದಳು.

“ಹೃದಯ ನಿಂತು,” ಎಂದ ಹೆಕ್ಟರ್. “ಡಾಕ್ಟರೇ ಹೇಳಿದಾರೆ.”

“ಅಮ್ಮಾವ್ರನ್ನ ಕೇಳ್ದೆ.”

ಊನಾ ಅಂಗೈಯನ್ನು ಬಿಚ್ಚಿ ನೋಡಿಕೊಂಡಳು. ಅದರಲ್ಲಿ ಏನೂ ಇರಲಿಲ್ಲ.

“ಹೃದಯಾನೇ. ಎದೆ ಹಿಡ್ಕೊಂಡು ಕುರ್ಚೀಲಿ ಕುಸಿದ್ರು. ಗುಳಿಗೆ ಡಬ್ಬಿ ನನ್ನ ಮಡಿಲಲ್ಲೇ ಇತ್ತು. ಕೈ ಚಾಚಿದ್ರು.” ಆಕೆ ಅಂಗೈ ಮುಚ್ಚಿದಳು. “ನಾನು ಕೊಡ್ಲಿಲ್ಲ.”

“ಮೇಡಂ, ಅವರಿಗೆ ಎಚ್ಚರಿಕೆ ಹೇಳಬೇಕು, ಅವರು ಹೇಳಿದ್ದೆಲ್ಲ ಸಾಕ್ಷಿ ಆಗತ್ತೆ ಅಂತ...” ಟಾರ್ಕ್ವಿಲ್ ಪಿಸುಗುಟ್ಟಿದ.

“ಹೇಳ್ಳಿ ಬಿಡಪ್ಪ, ಬರ್ಕೋ,” ಎಂದಳು ಊನಾ. “ನನ್ನ ಮಗ ನಾಲ್ಕು ಚಳಿಗಾಲ ಗೇಟಲ್ಲಿ ನಿಂತಿದ್ದ. ಪಾಳಿ ಬಿಡಿಸೋಕೆ ಈ ಮನೇಲಿ ಒಬ್ಬರೂ ಸಾಯ್ಲಿಲ್ಲ. ನಾನೇ ಹೋಗೋಣ ಅಂದ್ರೆ ನಂಗೂ ಸಾವು ಬರ್ಲಿಲ್ಲ. ಇವರು ಕೈ ಚಾಚಿದಾಗ ಕೇಳ್ದೆ, ಹೇಳಿ, ಈಗಲಾದ್ರೂ ಹೇಳಿ ಅಂತ. ‘ಲಾಕ್ಲನ್’ ಅಂದ್ರು. ಅಷ್ಟೇ. ಆ ಒಂದು ಹೆಸರು. ಒಪ್ಕೊಂಡ್ರಲ್ಲ ಅಂತ ಸುಮ್ನೆ ಕೂತೆ. ಉಸಿರು ನಿಲ್ಲೋವರೆಗೂ ಕೂತೆ.”

ಎದುರು ಗುಡ್ಡದಲ್ಲಿ ಸಾರಂಗ ಮತ್ತೆ ಕೂಗಿತು.

ಇಶ್‌ಬೆಲ್ ಎದ್ದಳು. ಮಂಡಿಗೆ ಮಣ್ಣು ಮೆತ್ತಿತ್ತು. ಅತ್ತೆಯ ಕುರ್ಚಿಯ ಮುಂದೆ ಬಂದು ನಿಂತಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅದಕ್ಕಿಂತ ಭಯಂಕರವಾದ ಕನಿಕರವಿತ್ತು.

“ಅತ್ತೆ, ಮಾವ ಕೇಳ್ತಿದ್ರು.”

“ಏನು?”

“ನನ್ನನ್ನ ಕೇಳ್ತಿದ್ರು. ಭಾನುವಾರ ಚರ್ಚಿಂದ ವಾಪಸ್ ಬರ್ತಾ ನಮ್ಮನೆ ಹಿತ್ತಲ ಬಾಗಿಲಿಗೆ ಬರೋರು. ಅಡಿಗೆಮನೇಲಿ ಟೋಪಿ ಕೈಲಿಟ್ಕೊಂಡು ಕೂತ್ಕೊಂಡು, ಊನಾಗೆ ಫೋನ್ ಬಂತಂತಾ, ಹುಡುಗ ಉಂಡ್ಕೊಂಡು ತಿನ್ಕೊಂಡು ಚೆನ್ನಾಗಿದಾನಂತಾ, ನನ್ನ ಮೇಲೆ ಇನ್ನೂ ಕೋಪ ಇದ್ಯಂತಾ ಅಂತ. ಒಂದು ಭಾನುವಾರಾನೂ ತಪ್ಪಿಸಲಿಲ್ಲ ಅತ್ತೆ. ನೀವೇ ಅತ್ತೇನ ಕೇಳಿ ಅಂದ್ರೆ ಅಳೋರು. ಬೈದು ಅಟ್ಟಿದೋನು ನಾನು, ಯಾವ ಮುಖ ಇಟ್ಕೊಂಡು ಕೇಳ್ಲಿ ಅನ್ನೋರು. ನನ್ನ ಬಾಯಲ್ಲಿ ಆ ಹೆಸರು ಬಂದ್ರೆ ಊನಾ ಎದೆ ಒಡ್ಕೊಂಡು ಸಾಯ್ತಾಳಂತೆ, ಹಾಗಂತ ಅವಳೇ ಹೇಳಿದಾಳಂತೆ ಅನ್ನೋರು.”

“ನಾನು ಹಾಗೆ ಹೇಳ್ಲಿಲ್ಲ,” ಎಂದಳು ಊನಾ. “ನಾನು ಯಾರಿಗೂ ಹಾಗೆ ಹೇಳ್ಲಿಲ್ಲ.”

“ಧಣಿಗಳಿಗೆ ಹಾಗಂತ ಹೇಳಿದೋರು ಯಾರು ಇಶ್‌ಬೆಲ್?” ಮಾರ್ಸಲಿ ಕೇಳಿದಳು.

ಇಶ್‌ಬೆಲ್ ಪೆಟ್ಟಿಗೆಯ ತಲೆಯ ಕಡೆ, ಹೆಕ್ಟರ್ ಹಗ್ಗ ಹಿಡಿದು ನಿಂತಲ್ಲಿಗೆ, ನೋಡಿದಳು.

ಊನಾ ಅದನ್ನು ನೋಡಲಿಲ್ಲ. ಆಕೆಯ ತುಟಿ ತನ್ನಷ್ಟಕ್ಕೆ ಅಲ್ಲಾಡುತ್ತಿತ್ತು. “ಲಾಕ್ಲನ್ ಅಂದ್ರು... ಕೇಳಿದ್ದಾ? ಅವತ್ತು ಅವರು ನನ್ನ ಕೇಳಿದ್ದಾ ಇಶ್‌ಬೆಲ್? ಕೊನೇಗೂ ನನ್ನ ಕೇಳಿದ್ರಾ?” ಆಕೆ ಎದ್ದು ತೂರಾಡುತ್ತಾ ಪೆಟ್ಟಿಗೆಯ ಬಳಿ ಹೋಗಿ ಅದರ ಮೇಲೆ ಕೆನ್ನೆಯಿಟ್ಟಳು. “ಅಯ್ಯೋ ದೇವರೇ. ನಾನೇನು ಮಾಡ್ಬಿಟ್ಟೆ.”

ಮಾರ್ಸಲಿ ಆಕೆಯ ಸೊಂಟ ಬಳಸಿ ಹಿಡಿದಳು. ಹಗುರವಾದ ಮೈ, ಗಡಗಡ ನಡುಗುತ್ತಿತ್ತು.

ಊನಾ ತಲೆಯೆತ್ತಿದಳು. ಪೆಟ್ಟಿಗೆಯ ಆಚೆ ಬದಿಯಲ್ಲಿ ಹೆಕ್ಟರ್ ನಿಂತಿದ್ದ. ತಾಯಿ ಮಗನನ್ನು ಹೊಸಬನನ್ನು ನೋಡುವಂತೆ ನೋಡಿದಳು.

“ಹೆಕ್ಟರ್.”

“ನಾನು ಕೇಳ್ತಿದ್ದೆನಲ್ಲಮ್ಮ,” ಅವನು ಅವಸರವಾಗಿ ಅಂದ. “ವಾರ ವಾರ ಕೇಳ್ತಿದ್ದೆ. ಲಾಕ್ಲನ್ ಹೇಗಿದಾನೆ, ಏನಂದ ಅಂತ. ಎಲ್ಲರೂ ಕೇಳಿಸ್ಕೊಂಡಿದಾರೆ. ಪಾದ್ರಿಗಳೇ, ನೀವೇ ಹೇಳಿ!”

“ಹೌದು ಕಣೋ. ಕೇಳ್ತಿದ್ದೆ. ಪಾದ್ರಿಗಳು ಬಂದಾಗ, ನೆಂಟರು ಬಂದಾಗ, ಕೆಲಸದೋರು ಅಕ್ಕಪಕ್ಕ ಇದ್ದಾಗ.” ಊನಾಳ ದನಿಯಲ್ಲಿ ನಡುಕ ನಿಂತುಹೋಗಿತ್ತು. “ನೀನೂ ನಾನೂ ಇಬ್ಬರೇ ಇದ್ದಾಗ, ಈ ನಾಲ್ಕು ವರ್ಷದಲ್ಲಿ, ಒಂದೇ ಒಂದು ಸಲ ಕೇಳಿದ್ಯಾ?”

ಹೆಕ್ಟರ್ ಕೈಯಲ್ಲಿದ್ದ ಹಗ್ಗ ಬಿಟ್ಟ. ಒಂದು ಹೆಜ್ಜೆ ಹಿಂದೆ ಸರಿದು ಗೇಟಿನ ಕಡೆ ನೋಡಿದ.